ಅಪ್ಪನಿಗೆ ಹದಿನೈದು ದಿನ

1999ರ ಡಿಸೆಂಬರಿನಲ್ಲಿ ಪರ್ಕಳದ ಪೋಸ್ಟ್‌ಮ್ಯಾನ್ ಜಯಕರ ತನ್ನ ಚೀಲವನ್ನು ಬದಲಿಯವನ ಹೆಗಲಿಗೆ ಹಾಕಿ, ಸೀಟಿ ಹೊಡೆಯುತ್ತ ಕಾರ್ಕಳದ ಬಸ್ಸು ಹತ್ತಿದ. ಹೆಂಡತಿ ನಳಿನಾಕ್ಷಿ ತವರಿನಲ್ಲಿ ಹೆಣ್ಣು ಹೆತ್ತಿದ್ದಳು. ಕೇಂದ್ರ ಸರಕಾರದ ಹೊಸ ನಿಯಮದಂತೆ ಅವನಿಗೆ ಹದಿನೈದು ದಿನ ರಜೆ, ಸಂಬಳ ಸಮೇತ.

ಅತ್ತೆ ಅಕ್ಕು ಬಾಣಂತಿ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದರು.

"ಎಂತ, ಇವತ್ತು ಕೆಲಸ ಇಲ್ವಾ?"

"ಮಗು ನೋಡಿಕೊಳ್ಳಲಿಕ್ಕೆ ರಜೆ ಕೊಟ್ಟಿದ್ದಾರೆ ಅತ್ತೆ." ಜಯಕರ ರಜೆಯ ಆದೇಶವನ್ನು ಬಿಡಿಸಿ ಹಿಡಿದ, ಅದು ಒಳಗೆ ಹೋಗುವ ಪಾಸು ಎಂಬಂತೆ.

"ಗಂಡಸರಿಗೆ ಇಲ್ಲಿ ಬರಲಿಕ್ಕಿಲ್ಲ. ದಿಲ್ಲಿಯವರಿಗೆ ಗೊತ್ತಿಲ್ಲದಿದ್ದರೆ ನೀವಾದರೂ ಹೇಳಬೇಕಿತ್ತು."

ಆರು ದಿನ ಚಾವಡಿಯಲ್ಲೇ ಕಳೆದವು. ಮಗು ಅತ್ತಾಗ ಎದ್ದು ನಿಲ್ಲುತ್ತಿದ್ದ, ಸುಮ್ಮನಾದಾಗ ಕೂರುತ್ತಿದ್ದ. ದಿನಕ್ಕೆರಡು ಸಲ ಒಂದು ಬಟ್ಟೆಯ ಗಂಟನ್ನು ತಂದು ತೋರಿಸಿ ಒಯ್ಯುತ್ತಿದ್ದರು. ಇಷ್ಟರವರೆಗೆ ಅವನಿಗೆ ಕಂಡದ್ದು ಮೂಗು ಮಾತ್ರ. ನೆರೆಯವರು ಮಗುವನ್ನು ಬಿಟ್ಟು ಅವನನ್ನೇ ನೋಡಲು ಬರತೊಡಗಿದರು.

ಏಳನೆಯ ದಿನ, ಭಾನುವಾರ, ನಳಿನಾಕ್ಷಿಯ ಇಬ್ಬರು ಅಕ್ಕಂದಿರ ಗಂಡಂದಿರೂ ಬಂದರು. ಸಂಜೀವ ಮಾಸ್ಟ್ರು ಕರ್ನಾಟಕ ಸರಕಾರದ ಶಾಲೆಯವರು. ಐತಪ್ಪ ಕಾಸರಗೋಡಿನಲ್ಲಿ ಕೇರಳ ಸರಕಾರದ ಗುಮಾಸ್ತ. ಇಬ್ಬರಿಗೂ ಇಂಥ ರಜೆ ಇರಲಿಲ್ಲ.

"ನನ್ನ ಮೂರನೆಯದು ಹುಟ್ಟುವಾಗ ನಾನು ಜನಗಣತಿಗೆ ಹೋಗಿದ್ದೆ ಮಾರಾಯ," ಎಂದರು ಮಾಸ್ಟ್ರು. "ಊರಿನ ಮಕ್ಕಳನ್ನೆಲ್ಲ ಬರೆದುಕೊಂಡೆ, ನನ್ನದನ್ನು ಬಿಟ್ಟು!"

"ನಮ್ಮಲ್ಲಿ ಮುಷ್ಕರಕ್ಕೆ ಹೋದರೆ ಯೂನಿಯನ್ ಉಂಟು ಹಿಂದೆ. ಮಗು ಹುಟ್ಟಿದರೆ ಯಾರೂ ಇಲ್ಲ," ಎಂದ ಐತಪ್ಪ.

ಮಾವ ಮುದ್ದಣ್ಣ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ರಜೆ ಇಲ್ಲದೆಯೇ ನೀವಿಬ್ಬರು ಸೇರಿ ಐದು ಮಾಡಿದಿರಿ. ಅದೂ ಇದ್ದಿದ್ದರೆ?"

ಅಷ್ಟರಲ್ಲಿ ಬಚ್ಚಲಿನಿಂದ ಅಕ್ಕುವಿನ ಕೂಗು ಕೇಳಿತು. ಮಗುವನ್ನು ಮೀಯಿಸುವ ಕಾನ್ಸೆಪ್ಟಾ ಬಾಯಿ ಕಾಪುವಿಗೆ ಮದುವೆಗೆ ಹೋದವರು ಹಿಂದಿರುಗಿರಲಿಲ್ಲ. ನೀರು ಹದವಾಗಿತ್ತು, ಮಗುವಿನ ಮೈಗೆ ಎಣ್ಣೆಯೂ ಹಚ್ಚಿ ಆಗಿತ್ತು. ಆದರೆ ನೆಲದಲ್ಲಿ ಕೂತು ಕಾಲು ಚಾಚಲು ಅಕ್ಕುವಿನ ಮೊಣಗಂಟು ಒಪ್ಪುತ್ತಿರಲಿಲ್ಲ.

"ಇವರಿಗೆ ಕಾಲು ಉಂಟಲ್ಲ ಅಮ್ಮ!" ಕೋಣೆಯೊಳಗಿಂದ ನಳಿನಾಕ್ಷಿ ಕೂಗಿದಳು. "ಪರ್ಕಳದ ಗುಡ್ಡ ಎಲ್ಲ ಹತ್ತಿದ ಕಾಲು!"

ಅಕ್ಕು ಅಳಿಯನ ಕಾಲುಗಳನ್ನು ಮೀನು ಆರಿಸುವ ಹಾಗೆ ನೋಡಿದರು. "ಕೂತುಕೊಳ್ಳಿ. ಅಲ್ಲಾಡಲಿಕ್ಕಿಲ್ಲ."

ಜಯಕರ ಲುಂಗಿ ಮೇಲೆ ಕಟ್ಟಿ ಕಾಲು ಚಾಚಿದ. ಎಣ್ಣೆ ಹಚ್ಚಿದ ಮಗಳು ಕಾಲ ಮೇಲೆ ಬಂದಳು. ಮೂಗಿನ ಸುತ್ತ ಇಷ್ಟೆಲ್ಲ ಇತ್ತು! ಕಿವಿಗಳು, ಮಡಿಕೆ ಮಡಿಕೆ ತೊಡೆ, ಹತ್ತು ಬೆರಳು. ಅಕ್ಕು ನೀರು ಹೊಯ್ದರು. ಮಗಳು ಕಿರುಚಿದಳು, ಅಪ್ಪನನ್ನು ದಿಟ್ಟಿಸಿದಳು, ಅವನ ಮೇಲೆ ಉಚ್ಚೆ ಹೊಯ್ದಳು.

"ನಗಬೇಡಿ, ಕಾಲು ಕುಣೀತದೆ!" ಅಕ್ಕು ಗದರಿದರು, ಅವರ ಹೊಟ್ಟೆಯೂ ಕುಣಿಯುತ್ತಿತ್ತು. ಬಚ್ಚಲಿನ ಬಾಗಿಲಲ್ಲಿ ಮಾಸ್ಟ್ರು ಬೆಂಗಳೂರಿಗೆ, ಐತಪ್ಪ ತಿರುವನಂತಪುರಕ್ಕೆ ಗಟ್ಟಿಯಾಗಿ ರಜೆಯ ಅರ್ಜಿ ಹೇಳತೊಡಗಿದ್ದರು.

ಅಕ್ಕು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡರು. ಜಯಕರನಿಗೆ ಏಳಲಾಗಲಿಲ್ಲ. ಅಲ್ಲಾಡದೆ ಕೂತು ಎರಡು ಕಾಲೂ ಜೋಮು ಹಿಡಿದಿದ್ದವು. ಒಂದು ತೋಳನ್ನು ಕರ್ನಾಟಕ ಸರಕಾರ ಹಿಡಿಯಿತು, ಇನ್ನೊಂದನ್ನು ಕೇರಳ ಸರಕಾರ.

"ಎಲ್ಲಿಗೆ ಹೊರುತ್ತೀರಿ? ಚಾವಡಿಗಾ?" ಅಕ್ಕು ಬಾಣಂತಿ ಕೋಣೆಯ ಬಾಗಿಲನ್ನು ಕಾಲಿನಿಂದ ದೂಡಿದರು. "ಇಲ್ಲಿ ಕುಳ್ಳಿರಿಸಿ. ನಾನು ಧೂಪ ಹಾಕುವಾಗ ಮಗುವನ್ನು ಯಾರು ಹಿಡಿಯುವುದು, ಅದೂ ನಾನೇಯಾ?"