ಹೆಸರು ಹೇಳದ ಸಂಪಾದಕ

ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವ ಮೊದಲು ಉಸ್ತಾದ್ ಹಸಬ್ಬೋ ಅವರು ಎದುರಿನ ಬೇವಿನ ಮರದ ಕೆಳಗೆ, ಚಹಾ-ಕಾಫಿ ಮಾರುವ ಕಲ್ತೂಮಾಳ ಒಲೆಯ ಪಕ್ಕ ನಿಂತು, ಕೊಂಡು ತಂದ ಪತ್ರಿಕೆಯನ್ನು ತಿರುವಿಹಾಕುತ್ತಿದ್ದರು. ಅದು ಅವರೇ ಸಂಪಾದಿಸುತ್ತಿದ್ದ, ಯಾವ ಪಕ್ಷಕ್ಕೂ ಸೇರದ ನಮ್ಮ ಅರಬಿ ದಿನಪತ್ರಿಕೆ ‘ಅಲ್-ಮಶ್ರಾ’. ಅಚ್ಚಾದದ್ದೆಲ್ಲ ಅಂಗಡಿ ಮುಟ್ಟುತ್ತದೆಂಬ ಭರವಸೆ ಆಗಿನ ಖಾರ್ಟೂಮಿನಲ್ಲಿ ಯಾರಿಗೂ ಇರಲಿಲ್ಲ. ಮುದ್ರಣಾಲಯದ ಬಾಗಿಲಲ್ಲೇ ಸರ್ಕಾರದ ಭದ್ರತಾ ಪಡೆಯವರ ಲಾರಿ ಇಡೀ ಸಂಚಿಕೆಯನ್ನು ಹೇರಿಕೊಂಡು ಹೋದ ದಿನಗಳಿದ್ದವು. ಅಂಗಡಿಯಲ್ಲಿ ಪತ್ರಿಕೆ ಸಿಕ್ಕ ದಿನ ಉಸ್ತಾದರು ಕಾಫಿಗೆ ಶುಂಠಿ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದರು.

ಸುಡುವ ಬಿಸಿಲಲ್ಲೂ ಬೂದು ಬಣ್ಣದ ಕೋಟು. ಅದರ ಒಳಜೇಬಿನಲ್ಲಿ ಹಲ್ಲುಜ್ಜುವ ಬ್ರಷ್ಷು, ರಕ್ತದೊತ್ತಡದ ಮಾತ್ರೆ. ವಿಚಾರಣೆಗೆ ಕರೆದವರು ಸಂಜೆಗೆ ಮನೆಗೆ ಬಿಡುತ್ತಾರೆಂದು ಹೇಳುವಂತಿರಲಿಲ್ಲ. ಎಡಗಾಲನ್ನು ತುಸು ಎಳೆದು ನಡೆಯುವ ಅವರ ಸದ್ದು ಮೆಟ್ಟಿಲಲ್ಲಿ ಕೇಳಿದೊಡನೆ ವರದಿಗಾರರಾದ ನಾವು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು. ಯಾವ ಸುದ್ದಿ ತಂದರೂ ಮೊದಲ ಪ್ರಶ್ನೆ ಒಂದೇ: “ಯಾರ ಬಾಯಿಂದ ಕೇಳಿದೆ?” ಹೆಸರು ಹೇಳದೆ ಒಂದು ಸಾಲೂ ಅಚ್ಚಾಗುತ್ತಿರಲಿಲ್ಲ. ಹೇಳಿದ ಹೆಸರು ಅವರನ್ನು ದಾಟಿ ಹೋಗುತ್ತಲೂ ಇರಲಿಲ್ಲ.

ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆಮ್ಲಜನಕವಿಲ್ಲದೆ ಮಕ್ಕಳು ಸತ್ತ ಸುದ್ದಿಯನ್ನು ನಾನು ತಂದಾಗಲೂ ಅದನ್ನೇ ಕೇಳಿದರು. ಅಲ್ಲಿನ ದಾದಿಯೊಬ್ಬಳ ಹೆಸರು ಹೇಳಿದೆ. ಸುದ್ದಿ ಮುಖಪುಟದಲ್ಲಿ, ನನ್ನ ಹೆಸರಿಲ್ಲದೆ ಬಂತು. ಮಧ್ಯಾಹ್ನದೊಳಗೆ ಕಚೇರಿಗೆ ಬೀಗ ಬಿತ್ತು, ಉಸ್ತಾದರನ್ನು ಕರೆದೊಯ್ದರು. ಸುದ್ದಿ ಕೊಟ್ಟವರ ಹೆಸರು ಹೇಳಿದರೆ ನಾಳೆಯೇ ಬೀಗ ತೆಗೆಯುತ್ತೇವೆ ಎಂದರಂತೆ ಅಧಿಕಾರಿಗಳು.

“ಪತ್ರಿಕೇಲಿ ಬಂದಿದ್ದಕ್ಕೆಲ್ಲ ಸಂಪಾದಕನೇ ಹೊಣೆ ಅಂತ ನಿಮ್ಮ ಕಾನೂನೇ ಹೇಳತ್ತಲ್ಲ, ನನ್ನ ಹೆಸರು ಬರ್ಕೊಳ್ಳಿ” ಎಂದರಂತೆ ಇವರು.

ಅವರನ್ನು ಬಿಟ್ಟು ಕಳಿಸಿದ ಬೆಳಿಗ್ಗೆ ಬೇವಿನ ಮರದ ಕೆಳಗೆ ಸಾವಿನ ಮನೆಯ ಮುಂದಿನಂತೆ ಚಾಪೆ ಹಾಸಿತ್ತು, ಬಾಡಿಗೆ ಕುರ್ಚಿಗಳ ಸಾಲಿತ್ತು. ಪತ್ರಿಕೆ ತೀರಿಕೊಂಡಿತೆಂದು ಓಣಿಯವರು ಶೋಕಕ್ಕೆ ಕೂತಿದ್ದರು. ಪಕ್ಕದ ದರ್ಜಿ ಬುಶಾರಾ ಎದ್ದು ಬಂದು, ಎರಡೂ ಅಂಗೈ ಎತ್ತಿ ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಶುರುಮಾಡಿದ.

“ಯಾರಪ್ಪಾ ಹೋಗಿದ್ದು?” ಎಂದರು ಉಸ್ತಾದ್.

“ಪತ್ರಿಕೆ, ಉಸ್ತಾದ್. ದೇವರು ನಿಮಗೆ ಸಮಾಧಾನ ಕೊಡ್ಲಿ.”

“ಯಾರ ಬಾಯಿಂದ ಕೇಳಿದೆ?”

ಬುಶಾರಾ ತಬ್ಬಿಬ್ಬಾಗಿ ಕೈ ಇಳಿಸಿದ. ಕಲ್ತೂಮಾ ಇದ್ದಿಲಿಗೆ ಗಾಳಿ ಹಾಕುತ್ತಾ, “ನಾನಾಗ್ಲೇ ಹೇಳ್ದೆ. ಚಾಪೆ ಬಂತು, ಕುರ್ಚಿ ಬಂತು, ಅಳೋರೂ ಬಂದ್ರು. ಹೆಣ ಒಂದಿಲ್ಲ” ಎಂದಳು.

ಬುಶಾರಾ ಕುರ್ಚಿ ಮಡಚತೊಡಗಿದ. “ಅದಿರ್ಲಿ ಬಿಡು,” ಎಂದರು ಉಸ್ತಾದ್. “ನಮ್ಮೋರಿಗೆ ಕೂತು ಬರೆಯೋಕೆ ಜಾಗ ಇಲ್ಲ.”

ಕಚೇರಿಗೆ ಬೀಗವಿದ್ದಷ್ಟು ಕಾಲ, ಮುಂದಿನ ಚಳಿಗಾಲದವರೆಗೂ, ನಾವು ಆ ಮರದ ಕೆಳಗೇ ಕೂತು ಬರೆದೆವು. ಎಲ್ಲಿಯೂ ಅಚ್ಚಾಗದ ಆ ಸುದ್ದಿಗಳನ್ನೂ ಅವರು ನಾಳೆಯೇ ಮುಖಪುಟಕ್ಕೆ ಹೋಗುವಂತೆ ತಿದ್ದಿದರು. ಸುದ್ದಿ ಬರೆಯುವುದನ್ನು ನಾನು ಸರಿಯಾಗಿ ಕಲಿತದ್ದು ಆಗ.

ಬರೆದದ್ದಕ್ಕಾಗಿ ಸಂಪಾದಕರನ್ನು ನೆನೆಯುವವರು ಬಹಳ. ಇಂಥವರು ಹೇಳದೆ ಉಳಿಸಿದ್ದರಿಂದ ಬದುಕಿಕೊಂಡವರೂ ಅಷ್ಟೇ ಇರಬಹುದು. ಅವರಲ್ಲಿ ಹೆಚ್ಚಿನವರಿಗೆ ತಾವು ಯಾರಿಗೆ ಋಣಿಗಳೆಂಬುದೇ ತಿಳಿದಿರುವುದಿಲ್ಲ. ನನಗೆ ತಿಳಿದಿದೆ. ಪತ್ರಿಕೆಗೆ ಬೀಗ ಬಿದ್ದ ಮರುದಿನ ಆ ದಾದಿ ಎಂದಿನಂತೆ ಬೆಳಗಿನ ಪಾಳಿಗೆ ಹೋದಳು.