ಎರವಲು ಬೆರಳು

ನನ್ನ ಗಂಡ ಲೇತ್ ಕೆಲಸದವರು. ಮೊಂಡುತನದಲ್ಲಿ ಅವರನ್ನು ಮೀರಿಸಿದ್ದು ಒಂದೇ ಒಂದು, ಅವರೇ ಮಾಡಿದ ಆ ಹಿಡಿಯಷ್ಟು ಡೀಸೆಲ್ ಎಂಜಿನ್.

ವರ್ಷಗಟ್ಟಲೆ ಗ್ರೈಂಡರ್ ಹಿಡಿದು ಅವರ ಬಲಗೈ ಬೆರಳುಗಳು ಜೋಮು ಹಿಡಿದಿದ್ದವು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಲಿ ಇಳಿಸುತ್ತಿದ್ದರು, ಚರ್ಮ ಸುಟ್ಟ ವಾಸನೆ ನನಗೇ ಮೊದಲು ಬರುತ್ತಿತ್ತು. ಅವರ ಕೈಕೆಳಗೇ ಕೆಲಸ ಕಲಿತು ಈಗ ವರ್ಕ್‌ಶಾಪಿನ ಯಜಮಾನನಾದವನಿಗೆ ಅನುಮಾನ ಬಂತು. "ಬೆರಳಿಗೆ ಏನೂ ಗೊತ್ತಾಗ್ದೇ ಇದ್ರೆ ಮಷೀನ್ ಹತ್ರ ಬಿಡಲ್ಲ ಅಣ್ಣ. ಕೈಯೇ ಹೋಗಿಬಿಡುತ್ತೆ" ಎಂದು ಮನೆಗೆ ಕಳಿಸಿದ. ಅವನ ಮಾತು ತಪ್ಪಲ್ಲ. ಆದರೂ ಅವನ ಬಾಯಿಗಿಷ್ಟು ಮಣ್ಣು ಹಾಕ ಎಂದು ಬೈದೆ.

"ಕೈಯಲ್ಲೇ ಒಂದು ಎಂಜಿನ್ ಮಾಡಿ ನಿನ್ನೆದುರೇ ಸ್ಟಾರ್ಟ್ ಮಾಡ್ತೀನಿ. ಆಗ ನನ್ನ ಲೇತ್ ನನಗೆ ಕೊಡ್ತೀಯಾ?" ಎಂದು ಇವರು ಕೇಳಿದರು. ಅವನು ಒಪ್ಪಿದ.

ಆ ಪುಟ್ಟ ಎಂಜಿನ್ನಿಗೆ ಕಿಡಿ ಇಲ್ಲ, ಒತ್ತಡಕ್ಕೇ ಹೊತ್ತಿಕೊಳ್ಳಬೇಕು. ಸಿಲಿಂಡರಿನೊಳಗೆ ಪಿಸ್ಟನ್ ಬಿಗಿಯೂ ಅಲ್ಲ, ಸಡಿಲವೂ ಅಲ್ಲ ಅನ್ನುವ ಹಾಗೆ ಜಾರಬೇಕು. ಅದನ್ನು ಹೇಳಬೇಕಾದದ್ದು ಬೆರಳು. ಮೊದಲ ಪಿಸ್ಟನ್ನನ್ನು ಉಜ್ಜಿ ಉಜ್ಜಿ ಸಡಿಲ ಮಾಡಿಬಿಟ್ಟರು. ಎರಡನೆಯದೂ ಅದೇ ಗತಿ. ಮೂರನೆಯದನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದರು. ನನ್ನ ಮುಖ ನೋಡದೆ, "ಇದನ್ನೊಂಚೂರು ತಳ್ಳಿ ನೋಡೇ. ತಡೀತಾ ಇದೆಯಾ?" ಎಂದರು.

"ನಾನೇನು ಫಿಟ್ಟರಾ?" ಎಂದು ರೇಗಿದೆ. ಆಮೇಲೆ ಕೈ ಒರೆಸಿಕೊಂಡು ತಳ್ಳಿದೆ. ಅವತ್ತಿನಿಂದ ನನ್ನ ಬೆರಳೇ ಅವರಿಗೆ ಬೆರಳಾಯಿತು. ನಾನು "ಸಾಕು" ಅಂದಾಗ ಉಜ್ಜುವುದು ನಿಲ್ಲಿಸುತ್ತಿದ್ದರು. ಪಿಸ್ಟನ್ ಸರಿಯಾಗಿ ಕೂತರೂ ಎಂಜಿನ್ ಮಾತ್ರ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಇಂಧನಕ್ಕೆ ಬೆರೆಸುವ ಈಥರ್ ವಾಸನೆಗೆ ನನ್ನ ತಲೆ ಸಿಡಿಯುತ್ತಿತ್ತು. ನಿನ್ನ ಮನೆ ಹಾಳಾಗ ಎಂದು ಎಂಜಿನ್ನಿಗೇ ಶಾಪ ಹಾಕಿದೆ.

ವರ್ಕ್‌ಶಾಪಿನ ಯಜಮಾನ ಬಂದ ದಿನ ಹಿತ್ತಲಿನ ಮೇಜಿಗೆ ಎಂಜಿನ್ ಬಿಗಿದಿದ್ದೆವು. ಅದರ ಮುಂದೆ ತಗಡಿನ ಫ್ಯಾನು, ಅದನ್ನು ತಿರುಗಿಸಿಯೇ ಎಂಜಿನ್ ಸ್ಟಾರ್ಟ್ ಮಾಡಬೇಕು. "ಕೋಲಲ್ಲಿ ತಿರುಗಿಸ್ರೀ" ಎಂದು ನಾನು ಪಿಸುಗುಟ್ಟಿದೆ.

"ಅವನ ಮುಂದೆ ಕೋಲಾ? ಸುಮ್ನಿರು."

ಬರಿ ಬೆರಳಲ್ಲೇ ರೆಕ್ಕೆ ಮೀಟಿದರು. ಎಂಜಿನ್ ಮಿಸುಕಲಿಲ್ಲ. ಎಂಜಿನ್ನಿನ ತಲೆಯ ಮೇಲೆ ಒತ್ತಡ ಹೆಚ್ಚುಕಮ್ಮಿ ಮಾಡುವ ಸ್ಕ್ರೂ ಬಿಗಿಸಿ ಮತ್ತೆ ಮೀಟಿದರು. ಒಮ್ಮೆ ಕೆಮ್ಮಿತು, ರೆಕ್ಕೆ ಹಿಂದಕ್ಕೆ ಒದೆಯಿತು. ಸ್ಕ್ರೂ ಕೂದಲೆಳೆಯಷ್ಟು ಸಡಿಲಿಸಿ ಇನ್ನೊಮ್ಮೆ ಮೀಟಿದರು. ಅಬ್ಬಾ, ಆ ಕಿರುಚಾಟವೇ! ಹಿತ್ತಲ ತುಂಬ ನೀಲಿ ಹೊಗೆ.

"ನೋಡಿದ್ಯಾ! ಆಗಲ್ಲ ಅಂದಿದ್ಯಲ್ಲೋ!" ಎಂದು ಇವರು ಕೂಗಿದರು. ಮದುವೆಯ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ. ನನಗೂ ಕಣ್ಣು ತುಂಬಿ ಬಂತು.

ಯಜಮಾನ ಎಂಜಿನ್ನನ್ನು ನೋಡುತ್ತಿರಲಿಲ್ಲ. ಮೇಜಿನ ಮೇಲೆ ತೊಟತೊಟ ರಕ್ತ ಬೀಳುತ್ತಿತ್ತು. ನಾನು ಬಟ್ಟೆ ತೆಗೆದುಕೊಂಡು ಓಡಿದೆ, ಅಷ್ಟರಲ್ಲಿ ಅವನು ಬಾಯಿ ಬಿಟ್ಟಾಗಿತ್ತು.

"ಅಣ್ಣ... ಬೆರಳು."

ಇವರು ಇನ್ನೂ ನಗುತ್ತಲೇ ಇದ್ದರು.

"ಯಾವ ಬೆರಳೋ?"