ಅರಳಿಹೋದ ಮಲ್ಲಿಗೆ

ಗಲ್ಫಿನಿಂದ ಊರಿಗೆ ಟೇಪ್‌ರೆಕಾರ್ಡರುಗಳು ಬರತೊಡಗಿದ್ದ ಕಾಲದಲ್ಲಿ, ಕಾಪುವಿಗೂ ಉದ್ಯಾವರಕ್ಕೂ ನಡುವಿನ ಒಂದಾನೊಂದು ಅಂಗಳದಲ್ಲಿ, ಮಲ್ಲಿಗೆಯ ಮಧ್ಯೆಯೇ ಬದುಕಿ ಮಲ್ಲಿಗೆ ಮುಡಿಯದ ಅಜ್ಜಿಯೊಬ್ಬಳಿದ್ದಳು. ಹೆಸರು ಬರ್ತಾ. ಬೆಳಗಾಗುತ್ತಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಉಡುಪಿ ಪೇಟೆಗೆ ಹೂ ಒಯ್ಯುವ ಸುಂದರನ ಕೈಗೆ ಕೊಟ್ಟರೆ ಮನೆಯಲ್ಲಿ ಒಂದು ಮೊಗ್ಗೂ ಉಳಿಯುತ್ತಿರಲಿಲ್ಲ.

ನಮ್ಮ ಗಿಡದ್ದೇ ಹೂ ನಿನಗೆ ಮುಡಿಸುತ್ತೇನೆ ಎಂದು ಮೊಮ್ಮಗಳು ಗ್ಲ್ಯಾಡಿಸ್ ಚಿಕ್ಕಂದಿನಲ್ಲೇ ಮಾತು ಕೊಟ್ಟಿದ್ದಳು. ಅಜ್ಜಿಗೆ ಯಾವಾಗಲೂ ಒಂದು ನೆಪ. ಇವತ್ತು ದರ ಉಂಟು, ನಾಳೆ ನೋಡುವ. ದರ ಇಳಿದ ದಿನ, ಇವತ್ತು ಹೂವೇ ಕಡಿಮೆ. ಹೀಗೆ ನಾಳೆ ನಾಳೆ ಎನ್ನುತ್ತಲೇ ಅಜ್ಜಿಯ ತುರುಬು ಅಡಿಕೆಯಷ್ಟಾಗಿತ್ತು. ಇನ್ನೂ ತಡವಾದರೆ ಮುಡಿಸಲು ಕೂದಲೇ ಉಳಿಯದೆಂಬ ಭಯ ಗ್ಲ್ಯಾಡಿಸಳಿಗೆ.

ರಜೆಗೆಂದು ಮಣಿಪಾಲದ ಕಾಲೇಜಿನಿಂದ ಬಂದವಳು ಒಂದು ಬೆಳಿಗ್ಗೆ ಅಜ್ಜಿಯ ಜೊತೆ ಹೂ ಕಟ್ಟುತ್ತ, ತರಗತಿಯಲ್ಲಿ ಓದಿದ ಹಳೆಯ ಕಾದಂಬರಿಯೊಂದರ ಕಥೆ ಹೇಳಿದಳು. ಅದರಲ್ಲೊಬ್ಬ ಸಿರಿವಂತ. ಹೂ ಉದುರಿ ಕಸವಾಗುತ್ತದೆಂದು ತೋಟವನ್ನೇ ಕೀಳಿಸಿ, ಹೆಂಡತಿಗೆ ಚಿನ್ನದ ಸಂಪಿಗೆ, ಚಿನ್ನದ ಗುಲಾಬಿ ಮಾಡಿಸಿ ಕೊಡುತ್ತಾನೆ. ಅವಳು ಮಾತ್ರ ಬಾಡುವ ಹೂವನ್ನೇ ಕೇಳುತ್ತಾಳೆ.

ಅಜ್ಜಿಯ ಕೈ ನಿಂತಿತು.

"ಬಾಡುವ ಹೂ ಎಂತಕ್ಕಂತೆ ಅವಳಿಗೆ?"

"ಬಾಡಿದರೆ ನಾಳೆ ಅವನು ಇನ್ನೊಂದು ತರಬೇಕಲ್ಲ, ಅಜ್ಜಿ."

ಮುಂದೆ ಹೇಳು ಎಂದಳು ಅಜ್ಜಿ. ಬೇಲಿಯಾಚೆ ಸುಂದರನ ಸೈಕಲ್ ಬೆಲ್ಲು ಕಿಣಿಗುಟ್ಟಿತು. ಬಾಯಮ್ಮ, ಉಡುಪಿ ಬಸ್ಸು ಹೋಗ್ತದೆ ಎಂದು ಅವನು ಕೂಗಿದ್ದೂ ಇಬ್ಬರಿಗೂ ಕೇಳಿಸಲಿಲ್ಲ. ಕಾದಂಬರಿಯ ಕೊನೆಯಲ್ಲಿ ಆ ಸಿರಿವಂತ ಬೇಲಿಯ ಹೂವೊಂದನ್ನು ಕಿತ್ತು ಮನೆಗೆ ತರುತ್ತಾನೆ. ಮುಡಿಯಬೇಕಾದವಳು ಆಗ ಬದುಕಿರುವುದಿಲ್ಲ. ಕಥೆ ಮುಗಿದು ಅಜ್ಜಿ ತಲೆಯೆತ್ತಿ ನೋಡಿದರೆ, ಬೇಲಿಯಾಚೆ ಸುಂದರ ಇರಲಿಲ್ಲ.

"ನಿನ್ನ ಕಾದಂಬರಿಯಿಂದ ನನ್ನ ಹೂ ಹೋಯ್ತು ಮಾರಾಯ್ತಿ," ಎಂದು ಅಜ್ಜಿ ಮಧ್ಯಾಹ್ನವಿಡೀ ಗೊಣಗಿದಳು. ಗ್ಲ್ಯಾಡಿಸ್ ತಲೆತಗ್ಗಿಸಿಯೇ ಇದ್ದಳು. ಕೊಳ್ಳುವವರಿಗೆ ಬೇಕಾದದ್ದು ಮೊಗ್ಗು. ಅರಳಿದ್ದನ್ನು ಯಾರೂ ಮುಟ್ಟುವುದಿಲ್ಲ. ಸಂಜೆಯ ಹೊತ್ತಿಗೆ ಬಿದಿರಿನ ಗೆರಸೆಯಲ್ಲಿದ್ದ ಮಾಲೆಗಳೆಲ್ಲ ಮೆಲ್ಲನೆ ಬಿರಿದವು. ಜಗಲಿ, ಪಡಸಾಲೆ, ಗೋಡೆಯ ಶಿಲುಬೆಯ ತನಕ ಪರಿಮಳ ಹಬ್ಬಿತು. ಆ ಮನೆಯಲ್ಲಿ ಮಲ್ಲಿಗೆ ಅರಳಿದ್ದು ಅದೇ ಮೊದಲು.

ಅಜ್ಜಿ ಬಂದು ಮೊಮ್ಮಗಳಿಗೆ ಬೆನ್ನು ಹಾಕಿ ಕುಳಿತಳು.

"ಎಂತ ನೋಡುವುದು ಬಾಯೆ, ಮುಡಿಸು. ನಾಳೆಗೆ ಬಾಡ್ತದೆ."

ಗ್ಲ್ಯಾಡಿಸ್ ಮಾಲೆಯನ್ನು ಆ ಪುಟ್ಟ ತುರುಬಿಗೆ ಸುತ್ತಿದಳು. ಅದು ಜಾರಿತು. ತನ್ನ ಜಡೆಯ ಕ್ಲಿಪ್ಪು ತೆಗೆದು ಸಿಕ್ಕಿಸಿದಳು. ಈ ಸಲ ನಿಂತಿತು.